ಹಸಿರು ಗಂಟು ಬಂದ ಮನೆ

‘ಒಲೆ ಹಚ್ಚದ ಮನೆ’ ಎಂಬ ಕಾದಂಬರಿ ಮೂರು ತಲೆಮಾರು ಬಾಳಿದ್ದು ಏಕೆ ಎಂಬುದಕ್ಕೆ ಬಸವನ ಬಾಗೇವಾಡಿಯ ಕನ್ನಡ ಅಧ್ಯಾಪಕ ಚೇತನಕುಮಾರ ನಾಲ್ಕು ಕಾರಣಗಳನ್ನು ಕಂಡುಹಿಡಿದಿದ್ದ. ಕಾದಂಬರಿ ಮಾತ್ರ ಕೈಯಲ್ಲಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಓದಿದ ನೆನಪು, ಓದಿದವರು ಬರೆದ ಲೇಖನ, ಇವುಗಳ ಮೇಲೆಯೇ ಪ್ರಬಂಧ ದಪ್ಪಗಾಗಿತ್ತು. ಸಿಂದಗಿಯ ವಿಚಾರ ಸಂಕಿರಣಕ್ಕೆ ಒಂದೇ ದಿನ ಉಳಿದಾಗ, ಉದ್ಧರಣೆಗಳಾದರೂ ಪುಸ್ತಕದವೇ ಇರಲಿ ಎಂಬ ಪ್ರಾಮಾಣಿಕತೆ ಹುಟ್ಟಿತು. ಮುದ್ದೇಬಿಹಾಳದಲ್ಲಿ ಒಂದು ಪ್ರತಿ ಇದೆಯೆಂದು ಯಾರೋ ಹೇಳಿದರು. ಬಸ್ಸು ಹತ್ತಿದ.

ಮನೆಗಿಂತ ಬಸ್ಸು ಅವನಿಗೆ ಹಗುರವಾಗಿತ್ತು. ಮಳೆಗಾಲದಲ್ಲಿ ಹೆಂಡತಿ ಜಯಮಾಲಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಹೆಣ್ಣುಕೂಸು ಸತ್ತೇ ಹುಟ್ಟಿತ್ತು. “ಹೆಸರಿಡದ ಕೂಸಿಗೆ ಅಳಬಾರದು” ಎಂದರು ಇಂಡಿ ಊರಿನಿಂದ ಬಂದ ಅವನ ಹಿರಿಯರು. ಸಾವಿನ ಮನೆಗೆ ಓಣಿಯವರು ಬುತ್ತಿ ತರುವುದು ರೂಢಿ. ಇಂಥದಕ್ಕೆ ತರುವ ರೂಢಿ ಇರಲಿಲ್ಲ, ಆದ್ದರಿಂದ ಯಾರೂ ತರಲಿಲ್ಲ. ಚೇತನಕುಮಾರ ಕಾಲೇಜಿಗೆ ಹೋದ. ಜಯಮಾಲಾ ಕಸಬರಿಗೆ ಹಿಡಿದಳು. ಅಂದಿನಿಂದ ಅವಳು ಕೂತಿಲ್ಲ. ಒಗೆದದ್ದನ್ನೇ ಒಗೆಯುತ್ತಾಳೆ, ತಿಕ್ಕಿದ ಡಬ್ಬಿಯನ್ನು ಮತ್ತೆ ತಿಕ್ಕುತ್ತಾಳೆ, ನಿಂತೇ ಉಣ್ಣುತ್ತಾಳೆ. ಕುಂದರು ಎಂದರೆ “ಕೆಲಸ ಐತ್ರಿ” ಎನ್ನುತ್ತಾಳೆ. ಹೀಗೆ ಸವೆಯುತ್ತ ಹೋದರೆ ಒಂದು ದಿನ ಅವಳೇ ಉಳಿಯಲಿಕ್ಕಿಲ್ಲ ಎಂಬ ಹೆದರಿಕೆ ಅವನಿಗಿತ್ತು. ಹೆದರಿಕೆ ಹೆಚ್ಚಾದಾಗಲೆಲ್ಲ ಪ್ರಬಂಧಕ್ಕೆ ಒಂದು ಅಡಿಟಿಪ್ಪಣಿ ಸೇರಿಸುತ್ತಿದ್ದ.

ಮುದ್ದೇಬಿಹಾಳದ ಖಂಡೆಪ್ಪ ಆಲಮಟ್ಟಿ ಕಾಲುವೆಯ ಕೆಲಸದಿಂದ ನಿವೃತ್ತನಾದವನು. ಹೆಂಡತಿ ಈಚೆಗೆ ತೀರಿಕೊಂಡಿದ್ದಳು. ಪುಸ್ತಕವನ್ನು ಹಸಿರು ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಿದ್ದ. ತುಂಡಿನ ಮೂಲೆಗೊಂದು ಹಳದಿ ತೇಪೆ.

“ನಿಮ್ಮ ಮನ್ಯಾಗ ಯಾರ ತೀರ್‍ಯಾರ್ರಿ ಸರ?” ಖಂಡೆಪ್ಪ ಕೇಳಿದ.

“ಯಾರೂ ಇಲ್ರಿ. ಅಭ್ಯಾಸಕ್ಕ ಬೇಕಾಗಿತ್ತು.”

“ಇದನ್ನ ಅಭ್ಯಾಸ ಮಾಡಿ ಯಾರ ಪಾಸಾಗ್ಯಾರ್ರಿ?”

“ನಿಮಗ ಹ್ಯಾಂಗ ಅನಸ್ತು? ವಸ್ತು, ಶೈಲಿ...”

“ಶೈಲಿ ಪೈಲಿ ತಿಳಿಯೂದಿಲ್ರಿ. ಅದರಾಗಿನ ಗಂಡಸಿಗೆ ಹೇಣ್ತಿ ಸತ್ತ ಮ್ಯಾಲ ಉಪ್ಪಿನ ಡಬ್ಬಿ ಎಲ್ಲೈತಿ ಗೊತ್ತಾಗೂದಿಲ್ಲ. ನನಗೂ ಗೊತ್ತಾಗಲಿಲ್ಲ. ಸಪ್ಪಂದು ಉಂಡ್ಕೋತ ಓದಿದೆ.”

ಪ್ರಬಂಧದಲ್ಲಿ ಆ ಉಪ್ಪಿನ ಡಬ್ಬಿ ‘ಆಧುನಿಕ ಮನುಷ್ಯನ ಅನಾಥಪ್ರಜ್ಞೆಯ ರೂಪಕ’ವಾಗಿತ್ತು. ಡಬ್ಬಿ ಕೊನೆಗೆ ಸಿಕ್ಕಿತೇ ಎಂದು ಕೇಳಬೇಕೆನಿಸಿತು, ಆದರೆ ಬಸ್ಸಿನ ಹೊತ್ತಾಗಿತ್ತು.

“ಒಯ್ರಿ. ಅರಿವಿ ಮಾತ್ರ ಕಳೀಬ್ಯಾಡ್ರಿ,” ಎಂದ ಖಂಡೆಪ್ಪ, ಹಸಿರು ಬಟ್ಟೆಯ ಮೇಲೆ ಕೈಯಾಡಿಸಿ. “ನಿಮ್ಮೂರ ರೋಷನಬಿಯವರದು ಅದು.”

ಮರಳುವ ಬಸ್ಸು ತುಂಬಿತ್ತು. ತೊಡೆಯ ಮೇಲೆ ಕೋಳಿ ಇಟ್ಟುಕೊಂಡಿದ್ದ ಬಾಗೇವಾಡಿಯ ಹೆಂಗಸೊಬ್ಬಳು ಅವನ ಕೈಯಲ್ಲಿದ್ದ ಗಂಟನ್ನು ನೋಡಿ ಎದ್ದು ನಿಂತಳು. “ಕುಂದರ್ರಿ ಅಣ್ಣಾರ.” ಕಂಡಕ್ಟರ್ ಚಿಲ್ಲರೆಗೆ ಜಗಳ ಮಾಡಲಿಲ್ಲ. ಈ ಕಡೆಯ ಜನ ವಿದ್ಯೆಗೆ ಇನ್ನೂ ಮರ್ಯಾದೆ ಕೊಡುತ್ತಾರೆ ಎಂದುಕೊಂಡು ಚೇತನಕುಮಾರ ಕುಳಿತ.

ಅವನಿಗೆ ಗೊತ್ತಿಲ್ಲದ್ದು ಕೋಳಿಯ ಹೆಂಗಸಿಗೆ ಗೊತ್ತಿತ್ತು. ಬಾಗೇವಾಡಿಯ ಹಿಂದಿನ ಓಣಿಯ ರೋಷನಬಿಗೆ ಅಮೀರನೆಂಬ ಮಗನಿದ್ದ, ಹರೆಯದಲ್ಲೇ ತೀರಿಕೊಂಡ. ಆಗ ಅವಳ ಗಂಡ ಕಾಸಿಂಸಾಬ ದಿನವೂ ಸಂಜೆ ಈ ಕಾದಂಬರಿಯನ್ನು ಅವಳಿಗೆ ಓದಿ ಹೇಳುತ್ತಿದ್ದ. ಮುಂದೆ ನೆರೆಮನೆಯ ಗುಂಡವ್ವನ ಗಂಡ ಸತ್ತಾಗ ರೋಷನಬಿ ತನ್ನ ಸೀರೆ ಹರಿದು ಪುಸ್ತಕ ಕಟ್ಟಿ, ಬುತ್ತಿಯ ಜೊತೆ ಕಳಿಸಿದಳು. ಗುಂಡವ್ವ ಅದನ್ನು ಇನ್ನೊಂದು ಸಾವಿನ ಮನೆಗೆ ದಾಟಿಸಿದಳು. ಹಾಗೆ ಪುಸ್ತಕ ನಡೆಯುತ್ತ ಹೋಯಿತು. ಯಾರೂ ತಿರುಗಿ ಕೇಳುವುದಿಲ್ಲ. ಹಸಿರು ಗಂಟು ಮನೆಗೆ ಬಂತೆಂದರೆ ಆ ಮನೆಯಲ್ಲಿ ಯಾರೋ ಹೋದರೆಂದೇ ಲೆಕ್ಕ.

ಮನೆಗೆ ಬಂದವನು ಗಂಟು ಬಿಚ್ಚಿ, ಉದ್ಧರಿಸಬೇಕಾದ ಪುಟಗಳಿಗೆಲ್ಲ ಚೀಟಿ ಸಿಕ್ಕಿಸಿ, ಮರುದಿನ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಸಿಂದಗಿಗೆ ನಡೆದ. ಬಟ್ಟೆ ಮೇಜಿನ ಮೇಲೆ ಉಳಿಯಿತು. ಜಯಮಾಲಾ ಮನೆಯಲ್ಲಿ ಒಗೆಯದ ಬಟ್ಟೆ ಉಳಿಯುವುದುಂಟೆ? ಒಗೆದು, ಹಿಂಡಿ, ಬೀದಿಗೆ ಕಾಣುವ ಹಗ್ಗದ ಮೇಲೆ ಹರವಿದಳು.

ಸಿಂದಗಿಯಲ್ಲಿ ಅಧ್ಯಕ್ಷರ ಭಾಷಣ ‘ಶೋಕ’ ಎಂಬ ಶಬ್ದದಿಂದ ಹೊರಟು ಇನ್ನೂ ದಾರಿಯಲ್ಲಿತ್ತು. ವೇದಿಕೆಯ ಮೇಲಿದ್ದ ಚೇತನಕುಮಾರನ ಫೋನು ಕಿಸೆಯಲ್ಲಿ ನಡುಗಿತು. ಸಹೋದ್ಯೋಗಿ ಯುನೂಸ. ಕರೆ ಕತ್ತರಿಸಿದ. ಮತ್ತೆ ಬಂತು. ಬಗ್ಗಿ, ಮೇಜಿನ ಬಟ್ಟೆಯ ಮರೆಯಲ್ಲಿ ಎತ್ತಿದ.

“ಸರ, ಎಲ್ಲದೀರಿ? ನಿಮ್ಮ ಮನಿಗೆ ಹೆಣ್ಣಮಕ್ಕಳು ಬುತ್ತಿ ಹೊತಗೊಂಡು ಹೊಂಟಾರಂತ. ಯಾರ ತೀರ್‍ಯಾರ್ರಿ?”

“ನಮ್ಮ ಮನಿಗೆ? ಏನ ಹೇಳ್ತೀರಿ!”

“ಓಣಿ ತುಂಬ ಅದ ಮಾತು ನಡದೈತ್ರಿ. ನಾ ಇಲ್ಲಿ ಕಾಲೇಜಿನಾಗ ಅದೇನಿ, ನನಗೇನ್ ಗೊತ್ತು?”

ಜಯಮಾಲಾಗೆ ಫೋನು ಹಚ್ಚಿದ. ಗಂಟೆ ಬಾರಿಸಿತು, ಬಾರಿಸಿ ನಿಂತಿತು. ಮತ್ತೆ ಹಚ್ಚಿದ. ಆ ಮನೆಯಲ್ಲಿ ಸಾಯಲಿಕ್ಕೆ ಇದ್ದವಳು ಒಬ್ಬಳೇ.

“ಸರ, ಮುಂದಿನ ಸರದಿ ನಿಮ್ದ!” ಎದ್ದು ಹೊರಟವನ ಹಿಂದೆ ಸಂಘಟಕರು ಬಾಗಿಲವರೆಗೆ ಬಂದರು.

“ಮನ್ಯಾಗ...” ಎಂದ. ಬಸ್ ನಿಲ್ದಾಣಕ್ಕೆ ಓಡಿದ. ನಾಲ್ಕು ಕಾರಣಗಳು ವೇದಿಕೆಯ ಮೇಲೆ ನೀರಿನ ಬಾಟಲಿಯ ಕೆಳಗೆ ಉಳಿದವು.

ಬಸ್ಸು ದೇವರ ಹಿಪ್ಪರಗಿಯಲ್ಲಿ ಚಹಾಕ್ಕೆಂದು ನಿಂತಿತು. “ಬಿಡ್ರಿ, ಬಿಡ್ರಿ ಲಗೂನ!” ಎಂದು ಇವನು ಕೂಗಿದರೆ, “ನಿಮ್ಮ ಮದಿವಿ ಐತೇನ್ರಿ?” ಎಂದು ಡ್ರೈವರ್ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ. ಹೊರಟ ಮೇಲೂ ಚೇತನಕುಮಾರ ಬಾಗಿಲ ಬಳಿ ನಿಂತೇ ಇದ್ದ. ಪುಸ್ತಕ ಬ್ಯಾಗಿನಲ್ಲಿತ್ತು. ಬಟ್ಟೆಯಿಲ್ಲದ ಪುಸ್ತಕಕ್ಕೆ ಇಂದು ಯಾರೂ ಸೀಟು ಬಿಡಲಿಲ್ಲ. ಫೋನು ಹಚ್ಚುತ್ತಲೇ ಇದ್ದ. ಅವಳು ನಿಂತು ಉಂಡದ್ದು, ಬೆಳಿಗ್ಗೆ “ಹೋಗಿ ಬರ್ತೇನಿ” ಎಂದಾಗ ತಿರುಗಿ ನೋಡದೆ ಡಬ್ಬಿ ತಿಕ್ಕಿದ್ದು ನೆನಪಾಗುತ್ತಿತ್ತು. ಆ ಮನೆಯಲ್ಲಿ ಉಪ್ಪು ಯಾವ ಡಬ್ಬಿಯಲ್ಲಿದೆ? ಅವನಿಗೆ ಗೊತ್ತಿರಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಹಗ್ಗದ ಮೇಲೆ ಹಸಿರು ಬಟ್ಟೆ ಗಾಳಿಗೆ ಪಟಪಟಿಸುತ್ತಿತ್ತು. ಒಳಗೆ ಅಳುವ ಸದ್ದಿಲ್ಲ. ಬೂಟು ಹಾಕಿಕೊಂಡೇ ನುಗ್ಗಿದ.

ಜಯಮಾಲಾ ಕುಳಿತಿದ್ದಳು. ಗೋಡೆಗೆ ಒರಗಿ, ಕಾಲು ಚಾಚಿ, ನೆಲದ ಮೇಲೆ ಕುಳಿತಿದ್ದಳು. ಕಣ್ಣು ಊದಿತ್ತು. ರೋಷನಬಿ ರೊಟ್ಟಿ ಮುರಿದು, ಪಲ್ಯ ಇಟ್ಟು ಒಂದೊಂದೇ ತುತ್ತು ಅವಳ ಬಾಯಿಗಿಡುತ್ತಿದ್ದಳು. ಅಡಿಗೆಮನೆಯಲ್ಲೆಲ್ಲೋ ಫೋನು ಬಾರಿಸುತ್ತಿತ್ತು. ತಾನೇ ಹಚ್ಚಿದ್ದು ಎಂದು ಅವನಿಗೆ ತಡವಾಗಿ ತಿಳಿಯಿತು; ಬಂದ್ ಮಾಡಿದ.

ಬಾಗಿಲ ಬಳಿ ಕುಳಿತಿದ್ದ ಗುಂಡವ್ವ ಮೆಲ್ಲಗೆ ಹೇಳಿದಳು: “ಅರಿವಿ ಕಂಡು ಬಂದ್ವಿ. ಯಾರ ಹೋದ್ರವಾ ಅಂತ ರೋಷನಬಿ ಕೇಳಿದ್ಲು. ‘ನನ್ನ ಮಗಳು’ ಅಂದ್ಲು ಇಕಿ. ಕುಂತಬಿಟ್ಲು.”

“ನಾವ ತಡಾ ಬಂದೇವಿ,” ಎಂದಳು ರೋಷನಬಿ, ತುತ್ತು ಕಟ್ಟುತ್ತ. “ಮಳಿಗಾಲದಾಗ ತರೂ ಬುತ್ತಿ ಇದು. ಬೈಕೋಬ್ಯಾಡವಾ.” ಆಮೇಲೆ ಅವನನ್ನು ಕಂಡಳು. “ಬಂದೇನಪಾ? ಮನಿಗೆ ಬಂದ ಪುಸ್ತಕ ಬಗಲಾಗ ಹಾಕ್ಕೊಂಡು ಊರೂರು ತಿರಗ್ತಿಯಲ್ಲೋ! ತಗಿ, ಓದು. ನನ್ನ ಗಂಡ ನಿನ್ನಷ್ಟು ಕಲತಿರಲಿಲ್ಲ, ದನಿ ಚಲೋ ಇತ್ತು.”

ಅವನು ಪುಸ್ತಕ ತೆಗೆದು, ರೂಢಿಯಂತೆ ಚೀಟಿ ಇದ್ದಲ್ಲಿ ಬಿಡಿಸಿದ. ಜಯಮಾಲಾ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಚೀಟಿಗಳನ್ನೆಲ್ಲ ಒಂದೊಂದಾಗಿ ಕಿತ್ತು ಉಡಿಯಲ್ಲಿ ಹಾಕಿಕೊಂಡು ಮರಳಿ ಕೊಟ್ಟಳು.

“ಮೊದಲಿಂದ ಓದ್ರಿ.”

ಅವನು ನಿಂತೇ ಗಂಟಲು ಸರಿಮಾಡಿಕೊಂಡ.

“ಕುಂದರ್ರಿ,” ಎಂದಳು. “ಬೂಟ ಕಳದ ಕುಂದರ್ರಿ.”

ಹೆಂಗಸರು ಸರಿದು ಜಾಗ ಮಾಡಿದರು. ಬೂಟಿನ ಲಾಡಿ ಬಿಗಿದುಹೋಗಿತ್ತು. ಬಿಚ್ಚಲಿಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.