ಒಂಬತ್ತು ಬಿಲ್ಲೆ

ಲಾಂಡ್ರಿಯವನ ಹೆಂಡತಿಯ ಕೈ ಎಡತುದಿಯ ಬಿಲ್ಲೆಯವರೆಗೆ ಹೋಗಿ, ಅದನ್ನು ಮುಟ್ಟದೆ ಹಾಗೇ ಹಿಂದಕ್ಕೆ ಬಂತು. ಒಗೆದು ನೇತುಹಾಕಿದ ಎರಡು ದುಪ್ಪಟಿಗಳ ಸಂದಿಯಿಂದ ಅವನು ಅದನ್ನು ನೋಡುತ್ತ ನಿಂತಿದ್ದ. ಮೇಜಿನ ಆಚೆ ಬದಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಇಸ್ತ್ರಿಯವನು ಕೂತಿದ್ದ. ನಡುವೆ, ಬಟ್ಟೆಗೆ ಕಟ್ಟುವ ನಂಬರಿನ ಹಿತ್ತಾಳೆ ಬಿಲ್ಲೆಗಳ ಸಾಲು. ಇಬ್ಬರ ಬಾಯಲ್ಲೂ ಮಾತಿಲ್ಲ. ಅವರು ನಗುತ್ತ ಹರಟುತ್ತಿದ್ದರೆ ಲಾಂಡ್ರಿಯವನು ಒಮ್ಮೆ ಕೆಮ್ಮಿ ಒಳಗೆ ಹೋಗಿಬಿಡುತ್ತಿದ್ದ. ಈ ಮೌನವನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಆಟ ಅವನ ಮನೆಯದೇ. ಮದುವೆಯಾದ ಹೊಸತರಲ್ಲಿ, ಮೆಷಿನ್ ತಿರುಗುವಷ್ಟು ಹೊತ್ತು ಸುಮ್ಮನೆ ಕೂರಲಾರದೆ ಗಂಡ ಹೆಂಡತಿ ಸೇರಿ ಕಟ್ಟಿಕೊಂಡದ್ದು. ಡಬ್ಬಿಯಿಂದ ಎಂಟು ಬಿಲ್ಲೆ ತೆಗೆದು ಬಂದ ಹಾಗೆ ಸಾಲಾಗಿ ಇಡಬೇಕು. ಸರದಿಯಂತೆ ಒಬ್ಬೊಬ್ಬರು ಎಡತುದಿಯದೋ ಬಲತುದಿಯದೋ ಒಂದನ್ನು ಎತ್ತಿಕೊಳ್ಳಬೇಕು. ನಡುವಿನದಕ್ಕೆ ಕೈ ಹಾಕುವಂತಿಲ್ಲ. ಕೊನೆಗೆ ಯಾರ ಕೈಯಲ್ಲಿನ ನಂಬರುಗಳ ಮೊತ್ತ ಹೆಚ್ಚೋ ಅವರು ಗೆದ್ದಂತೆ.

"ನೀನೇ ಶುರು ಮಾಡು," ಎಂದು ಅವನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡುತ್ತಿದ್ದ. ಅವಳು ಶುರು ಮಾಡುತ್ತಿದ್ದಳು, ಹೆಚ್ಚುಕಮ್ಮಿ ದಿನವೂ ಸೋಲುತ್ತಿದ್ದಳು. "ನಿಮ್ಮ ತಲೆಗೆ ನಾನೆಲ್ಲಿ ಸಾಟಿ," ಎಂದು ಬಿಲ್ಲೆಗಳನ್ನು ಬಾಚಿ ಡಬ್ಬಿಗೆ ಸುರಿದು ಏಳುತ್ತಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಆಟ. ಇಸ್ತ್ರಿಯವನ ಜೊತೆ ಮಾತ್ರ, ಮೆಷಿನ್ ನಿಂತು ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೂ ಮುಗಿಯುತ್ತಿರಲಿಲ್ಲ.

ಇಸ್ತ್ರಿಯವನೇನು ಚೆಲುವನಲ್ಲ. ತಲೆ ಅರ್ಧ ಬೋಳು, ಮಾತಿಗೆ ಮುಂಚೆ ಮೂಗು ಎಳೆದುಕೊಳ್ಳುವ ಚಾಳಿ ಬೇರೆ. ಆದರೆ ಲಾಂಡ್ರಿಯವನ ಹೊಟ್ಟೆಯುರಿ ರೂಪ ನೋಡಿ ಹುಟ್ಟಿದ್ದಲ್ಲ. ಇಸ್ತ್ರಿಯಾದ ಅಂಗಿಯ ಕಾಲರನ್ನು ಸುಮ್ಮಸುಮ್ಮನೆ ಎತ್ತಿ ಹಿಡಿದು, "ಇದೇನು, ದನ ಅಗಿದು ಉಗಿದ ಹಾಗಿದೆ," ಎನ್ನತೊಡಗಿದ. ಇಸ್ತ್ರಿಯವನು ಅದನ್ನೇ ಮತ್ತೆ ತೀಡುತ್ತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಹೋಟೆಲಿನ ಟವಲುಗಳನ್ನು ಕೊಡಲು ಹೋಗಿದ್ದಾಗ, ಲಾಂಡ್ರಿಯವನಿಗೆ ತಡೆಯಲಾಗಲಿಲ್ಲ.

"ಅವಳನ್ನ ಸೋಲಿಸೋದಕ್ಕೆ ಅಷ್ಟು ಹೊತ್ತು ಬೇಕಾ ನಿನಗೆ?"

ಇಸ್ತ್ರಿಯವನು ಮೂಗು ಎಳೆದುಕೊಂಡ. "ನಾನೆಲ್ಲಿ ಸೋಲಿಸ್ತೀನಿ? ಅಕ್ಕನೇ ಗೆಲ್ಲೋದು. ಮೊದಲನೇ ದಿನವೇ ಹೇಳಿಬಿಟ್ರು, ಎಂಟು ಬಿಲ್ಲೆ ಇಟ್ಟರೆ ಆಟದಲ್ಲಿ ಸ್ವಾರಸ್ಯ ಇಲ್ಲ, ಶುರು ಮಾಡಿದವರು ಸೋಲೋದೇ ಇಲ್ಲ ಅಂತ. ಅದಕ್ಕೇ ಒಂಬತ್ತು ಇಟ್ಕೊಂಡು ಆಡ್ತೀವಿ. ಅದಕ್ಕೆ ಅಂಥ ಸುಲಭದ ದಾರಿ ಇಲ್ಲ."

"ಸೋಲೋದೇ ಇಲ್ಲ ಅಂದರೆ?"

ಇಸ್ತ್ರಿಯವನು ಎಂಟು ಬಿಲ್ಲೆ ಇಟ್ಟು ತೋರಿಸಿದ. ಒಂದು ಬಿಟ್ಟು ಒಂದರಂತೆ ಕೂಡಿಸಿದರೆ ಎರಡು ಗುಂಪು. ದೊಡ್ಡ ಗುಂಪು ಯಾವುದೋ ಅದರ ತುದಿಯನ್ನು ಮೊದಲು ಎತ್ತಬೇಕು. ಆಮೇಲೆ ಎದುರಿನವರು ಯಾವ ತುದಿಯಿಂದ ತೆಗೆದರೂ ಅಲ್ಲಿ ನಮ್ಮ ಗುಂಪಿನದೇ ಹೊರಗೆ ಬೀಳುತ್ತದೆ. ಅದನ್ನು ಎತ್ತುತ್ತ ಹೋದರೆ ಆಯಿತು. "ಅಕ್ಕ ಸಾಲು ನೋಡಿದ ತಕ್ಷಣ ಹೇಳಿಬಿಡ್ತಾರೆ. ಮದುವೆಗೆ ಮುಂಚಿಂದಲೂ ಲೆಕ್ಕ ಕೂಡೋದರಲ್ಲಿ ಚುರುಕಂತೆ. ನಿಮಗೆ ಗೊತ್ತೇ ಇರುತ್ತೆ."

ಲಾಂಡ್ರಿಯವನು ತಲೆಯಾಡಿಸಿದ, ಗೊತ್ತಿರುವವನ ಹಾಗೆ. ಇಷ್ಟು ವರ್ಷ ಶುರು ಮಾಡಿದವಳು ಅವಳೇ. ಸೋಲಬೇಕಾದರೆ ಅವಳು ಪ್ರತಿದಿನವೂ ಬೇಕೆಂದೇ ತಪ್ಪು ತುದಿಗೆ ಕೈ ಹಾಕಿರಬೇಕು.

ಖಾಲಿ ಬುಟ್ಟಿ ಹಿಡಿದು ಹೆಂಡತಿ ಬಂದಾಗ ಅವನು ಒಗೆಯುವ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ನನ್ನ ಹತ್ತಿರ ಯಾಕೆ ಸೋಲ್ತಿದ್ದೆ?"

ಅವಳು ಬುಟ್ಟಿ ಕೆಳಗಿಟ್ಟಳು. ಯಾವ ಮಾತೆಂದು ಕೇಳಲಿಲ್ಲ. "ಮೊದಮೊದಲು ಗೆದ್ದಿದ್ದೆ, ನೆನಪಿಲ್ವಾ? ಆವತ್ತು ನೀವು ಊಟ ಬಿಟ್ಟು ಎದ್ದು ಹೋದ್ರಿ. ಸಂಜೆವರೆಗೂ ಮಾತಿಲ್ಲ. ಅತ್ತೆ ನನ್ನನ್ನ ಏನಾಯ್ತು ಅಂತ ಕೇಳಿದ್ರು. ಆಟದಲ್ಲಿ ಗೆದ್ದೆ ಅಂತ ಹೇಗೆ ಹೇಳ್ಲಿ?"

"ಅವನ ಹತ್ತಿರ ಗೆಲ್ತೀಯ."

"ಅವನು ಸೋತು ನಗ್ತಾನೆ."

ಲಾಂಡ್ರಿಯವನು ಡಬ್ಬಿ ಎಳೆದು ಒಂಬತ್ತು ಬಿಲ್ಲೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟ.

"ಕೆಲಸ ಬಿದ್ದಿದೆ," ಎಂದಳು ಅವಳು.

"ಬೀಳಲಿ. ಸರಿಯಾಗಿ ಆಡು."

ಅವಳು ಸರಿಯಾಗಿಯೇ ಆಡಿದಳು. ಅವನು ಸೋತ, ಅದೂ ಹೀನಾಯವಾಗಿ. ತನ್ನ ಮುಖ ಬಿಗಿದುಕೊಳ್ಳುತ್ತಿರುವುದು ಅವನಿಗೇ ತಿಳಿಯುತ್ತಿತ್ತು. ಅವಳು ಬಿಲ್ಲೆಗಳನ್ನು ಬಾಚಲಿಲ್ಲ, ಅವನನ್ನೇ ನೋಡುತ್ತ ಕೂತಿದ್ದಳು. ನಗಲು ನೋಡಿದ, ಆಗಲಿಲ್ಲ.

"ಇನ್ನೊಂದು," ಎಂದ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಮಡಚಿ ನೆಟ್ಟಗೆ ಕೂತಳು. ಇಸ್ತ್ರಿಯವನು ಮೇಜಿನ ಹತ್ತಿರದಿಂದ ಕತ್ತು ಉದ್ದ ಮಾಡಿ ಇತ್ತ ನೋಡಿದ. ಲಾಂಡ್ರಿಯವನು ಸ್ಟೂಲನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡು ಸಾಲು ಅವನಿಗೆ ಕಾಣದಂತೆ ತನ್ನ ಬೆನ್ನು ಅಡ್ಡ ಮಾಡಿದ. ಮುಂದಿನ ಕೌಂಟರಿನಲ್ಲಿ ಯಾರೋ ಗಂಟೆ ಒತ್ತಿದರು.

"ಬಂದೆ," ಎಂದಳು ಹೆಂಡತಿ, ಬಿಲ್ಲೆಗಳಿಂದ ಕಣ್ಣೆತ್ತದೆ.