ಕಾಲೇಜಿನ ಗೋಡೆ ದಾಟುವವರೆಗೆ

“ಸಮಾಳ ನಿಲ್ಲಸ್ರಿ!” ಎನ್ನುತ್ತ ಶಿವಬಸಮ್ಮ ಮೆರವಣಿಗೆಯ ಮುಂದಕ್ಕೆ ಓಡಿದಳು.

ಅವಳ ತಾಯಿ ಕಲ್ಯಾಣಮ್ಮನ ಹೆಣ ಕೂರಿಸಿದ ವಿಮಾನ ಹೊತ್ತವರು ಕಾಲೇಜು ಕಾಂಪೌಂಡಿನ ಮೂಲೆಯಲ್ಲಿ ಗಕ್ಕನೆ ನಿಂತರು. ಸಮಾಳದ ಬಡಿತವೂ ಭಜನೆಯವರ ತಾಳವೂ ಅರ್ಧಕ್ಕೇ ನಿಂತವು. ದೊಡ್ಡಪ್ಪ ಗುರುಸಂಗಪ್ಪ ಕೆಂಡವಾದ.

“ಏನವಾ ನಿಂದು? ಭಜನಿ ಇಲ್ದ ಒಯ್ಯಾಕ ನಿಮ್ಮವ್ವ ದಿಕ್ಕಿಲ್ಲದ ಹೆಣ ಏನು?”

“ಒಳಗ ನಮ್ಮ ಖಾನಾವಳಿ ಹುಡುಗ್ರು ಪರೀಕ್ಷಿ ಬರ್ಯಾಕ ಹತ್ಯಾರ, ದೊಡ್ಡಪ್ಪ. ಅವ್ವ ಹೋಗಿದ್ದು ಅವರಿಗೆ ಇನ್ನಾ ಗೊತ್ತಿಲ್ಲ. ಒಂದು ಗಂಟಿಗೆ ಪರೀಕ್ಷಿ ಮುಗಿಯೂತನಕ ಗೊತ್ತಾಗಬಾರ್ದು. ರುದ್ರಭೂಮಿಗೆ ಬ್ಯಾರೆ ದಾರಿ ಇಲ್ಲ, ಈ ಗ್ವಾಡಿ ದಾಟೂತನಕ ಸುಮ್ಕ ನಡೀರಿ, ನಿಮ್ಮ ಕಾಲು ಬೀಳ್ತೀನಿ.”

“ಹೆಣ ಇಟ್ಕೊಂಡು ಒಲಿ ಹಚ್ಚಿದಿ. ಅದು ಸಾಲದಾತೇನು?”

*

ಹೌದು, ಹಚ್ಚಿದ್ದಳು. ಕಲ್ಯಾಣಮ್ಮ ಕೋಳಿ ಕೂಗುವ ಹೊತ್ತಿಗೆ ಉಸಿರು ಬಿಟ್ಟಿದ್ದಳು. ಎಂಟಕ್ಕೆ ಅವಳ ಖಾನಾವಳಿಗೆ ಇಪ್ಪತ್ತೆರಡು ಹುಡುಗರು ಉಣ್ಣಲು ಬರುವವರಿದ್ದರು. ನೀಲಗುಂದದವರು, ಇಟ್ಟಿಗಿಯವರು, ಉಚ್ಚಂಗಿದುರ್ಗದವರು. ಬಿ.ಎ. ಕೊನೆಯ ವರ್ಷದ ಪರೀಕ್ಷೆ. ಶಿವಬಸಮ್ಮ ಒಳಕೋಣೆಯ ಬಾಗಿಲೆಳೆದು ಚಿಲಕ ಹಾಕಿ, ಜೋಳದ ಹಿಟ್ಟಿಗೆ ಎಸರಿಟ್ಟಳು. ರೊಟ್ಟಿ ಬಡಿಯುವುದು ನಿಂತರೆ ಅಳು ಬರುತ್ತಿತ್ತು, ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚೇ ಬಡಿದಳು.

“ಅಕ್ಕಾ, ಅವ್ವ ಎಲ್ಲಿ?” ಎಂದ ನೀಲಗುಂದದ ನಾಗೇಂದ್ರಪ್ಪ. ಪರೀಕ್ಷೆಯ ದಿನ ಒಬ್ಬೊಬ್ಬನ ತಟ್ಟೆಗೂ ಕಲ್ಯಾಣಮ್ಮ ತಾನೇ ಬೆಣ್ಣೆ ಇಡುವುದು ವಾಡಿಕೆ.

“ಜ್ವರ ಬಂದಾವ, ಮಕ್ಕೊಂಡಾಳ. ಚಲೋ ಬರೀರಿ ಅಂತ ಹೇಳ್ಯಾಳ.”

ಹುಡುಗರು ಮುಚ್ಚಿದ ಬಾಗಿಲಿನ ಕಡೆ ನೋಡಿ, ದನಿ ತಗ್ಗಿಸಿಕೊಂಡು ಉಂಡು ಹೋದರು. ಅವರು ಓಣಿ ದಾಟಿದ ಮೇಲೆ ಶಿವಬಸಮ್ಮ ಬಾಯಿಬಿಟ್ಟು ಅತ್ತಳು.

*

“ಒಲಿ ಮಾತು ನೀವು ಆಡಬ್ಯಾಡ್ರಿ,” ಎಂದಳು ಈಗ. “ಅವ್ವ ಮೊದಲ್ನೇ ಹುಡುಗಗ ರೊಟ್ಟಿ ಹಾಕಿದಾಗ ‘ಅನ್ನ ಮಾರಿ ಬದುಕ್ತಿಯೇನು’ ಅಂದೋರು ನೀವಾ. ಮರುವರ್ಷ ದನದ ಕೊಟಗಿಗೆ ಸುಣ್ಣ ಹೊಡದು ಅದಾ ಹುಡುಗ್ರಿಗೆ ಬಾಡಿಗಿ ಕೊಟ್ಟೋರೂ ನೀವಾ.”

ಗುರುಸಂಗಪ್ಪ ವಿಮಾನ ಹೊತ್ತವರ ಕಡೆ ನೋಡಿದ. ಅವರಲ್ಲಿ ಯಾರು ತಾನೆ ಅವನ ಪರ ಮಾತಾಡಿಯಾರು? ಹನ್ನೆರಡು ವರ್ಷದ ಹಿಂದೆ, ಕಾಲೇಜು ಬರುವ ಮೊದಲು, ಕೊಟ್ಟೂರಿನ ಈ ಬಯಲಿನಲ್ಲಿ ಜಾಲಿ ಬಿಟ್ಟರೆ ಏನೂ ಇರಲಿಲ್ಲ. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ಸಂತೆಯ ದಿನ ಕಾಯುತ್ತಿದ್ದರು. ಈಗ ವಿಮಾನಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ಬಾಡಿಗೆ ಸೈಕಲ್ಲಿನವ, ಒಬ್ಬ ಇಸ್ತ್ರಿಯವ, ಒಬ್ಬ ಚಹಾದಂಗಡಿಯವ, ಇನ್ನೊಬ್ಬ ನೋಟ್‌ಬುಕ್ಕು ಮಾರುವವ. ಸಮಾಳದ ಜೋಗಪ್ಪನ ಹೆಂಡತಿ ಕಾಲೇಜಿನ ಕಸ ಹೊಡೆಯುತ್ತಾಳೆ.

ಗೇಟಿನಿಂದ ಜವಾನ ಉಚ್ಚಂಗೆಪ್ಪ ಕೈಮುಗಿದುಕೊಂಡೇ ಬಂದ.

“ಪರೀಕ್ಷಿ ನೋಡಾಕ ಸಾಹೇಬ್ರು ಬಂದಾರ್ರಿ. ಗದ್ದಲ ಆದ್ರ ಸೆಂಟರ್ ಹರಪನಹಳ್ಳಿಗೆ ಹಾಕ್ತಾರಂತ.”

ಜೋಗಪ್ಪ ಸಮಾಳವನ್ನು ಬೆನ್ನಿಗೆ ಸರಿಸಿಕೊಂಡ. ತಾಳಗಳು ಜೇಬಿಗಿಳಿದವು. ಸತ್ತವಳ ಮೇಲಿನ ಪ್ರೀತಿಗೋ, ಸೆಂಟರ್ ಕೈತಪ್ಪೀತೆಂಬ ಭಯಕ್ಕೋ, ಯಾರು ಕೇಳಬೇಕು! ಗುರುಸಂಗಪ್ಪನೇ ಜಂಗಮಯ್ಯನ ಕೈಲಿದ್ದ ಗಂಟೆಯ ನಾಲಿಗೆ ಹಿಡಿದುಕೊಂಡು, “ನಡೀರಿ,” ಎಂದು ಪಿಸುಗುಟ್ಟಿದ.

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯ ಗುಂಟ ನಡೆದರು. ಶಿವಬಸಮ್ಮ ಗೋಡೆಯನ್ನೇ ನೋಡುತ್ತ ಹೆಜ್ಜೆ ಹಾಕಿದಳು. ಗೋಡೆ ಆಳೆತ್ತರವಿತ್ತು, ಒಳಗಿದ್ದವರಿಗೆ ನಡೆಯುವವರು ಕಾಣುವಂತಿರಲಿಲ್ಲ. ಇನ್ನು ಹತ್ತು ಮಾರು ದಾಟಿದರೆ ಗೆದ್ದಂತೆ ಎಂದುಕೊಂಡು ತಲೆಯೆತ್ತಿದಳು.

ಹೆಗಲುಗಳ ಮೇಲೆ, ವಿಮಾನದಲ್ಲಿ ಕೂತ ಅವ್ವ ಗೋಡೆಗಿಂತ ಎತ್ತರದಲ್ಲಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಹೊತ್ತವರ ಹೆಜ್ಜೆಗೆ ಮುಖ ಕಿಟಕಿಗಳ ಕಡೆಗೆ ವಾಲಿತ್ತು.

“ತಗ್ಗಸ್ರಿ, ತಗ್ಗಸ್ರಿ…” ಎನ್ನಲು ಹೋದಳು. ಕೂಗಿದರೆ ಒಳಗೆ ಕೇಳೀತೆಂದು ಬಾಯಿಗೆ ಸೆರಗೊತ್ತಿಕೊಂಡು ವಿಮಾನದ ಕಡೆ ಓಡಿದಳು.

ಒಳಗೆ ಯಾರೋ ಎದ್ದುನಿಂತಂತೆ ಒಂದು ಬೆಂಚು ಕಿರ್ರೆಂದಿತು. ಉಸಿರು ಬಿಗಿಹಿಡಿದು ನಡೆಯುತ್ತಿದ್ದ ಎಲ್ಲರಿಗೂ ಅದು ಕೇಳಿಸಿತು. ಮತ್ತೊಂದು ಬೆಂಚು ಸರಿಯಿತು. ಆಮೇಲೆ ಸಾಲಿಗೆ ಸಾಲೇ, ಒಂದಾದ ಮೇಲೊಂದು, ಬೆಂಚುಗಳು ಸರಿಯತೊಡಗಿದವು.