ಸೂರಗಟ್ಟಿಯ ಅಗಸಿ

ಶಿರಹಟ್ಟಿ ಕಡೆಯ ಸೂರಗಟ್ಟಿ ಸಣ್ಣ ಊರಾದರೂ ಅದರ ಜಂಬ ಸಣ್ಣದಲ್ಲ. ಊರ ನಡುವೆ ದುಂಡನೆಯ ಕಾವಲು ಬುರುಜು, ಹುಡೇವು, ಅದರ ತುದಿಯಲ್ಲಿ ತುಕ್ಕು ಹಿಡಿದ ತೋಪು. ಈಶ್ವರ ಗುಡಿ ಯಾರ ಕಾಲದ್ದೆಂದು ಕೇಳಿದರೆ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಪಾಂಡವರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ! ಎಲ್ಲಕ್ಕಿಂತ ದೊಡ್ಡದು ಊರ ಹೆಬ್ಬಾಗಿಲು, ಅಗಸಿ. ಪೆಂಢಾರಿಗಳು ಊರೂರು ಸುಲಿಯುತ್ತಿದ್ದ ಕಾಲಕ್ಕೆ ಊರ ಗೌಡ ದೇವೇಂದ್ರಪ್ಪಗೌಡನ ಹಿರಿಯರು ಕಟ್ಟಿಸಿದ್ದು. ಸಾಂಗ್ಲಿ ಸಂಸ್ಥಾನ ಹೋಯಿತು, ಮುಂಬಯಿ ಸರಕಾರ ಬಂದು ಹೋಯಿತು, ಏಕೀಕರಣವಾಗಿ ಮೈಸೂರು ರಾಜ್ಯ ಬಂತು. ಅಗಸಿ ಮಾತ್ರ ಅಲ್ಲಾಡಲಿಲ್ಲ.

ಅದು ಬೀಳಲಿ ಎಂದು ಬಯಸಿದವಳು ಗೌಡನ ಹೆಂಡತಿ ಸುಮಿತ್ರವ್ವ. ಮಗಳು ಶಂಕ್ರೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಕೂಸು ಅಡ್ಡ ತಿರುಗಿತ್ತು. ಗದಗಿನ ದವಾಖಾನೆಗೆಂದು ಬಂಡಿ ಕಟ್ಟಿದರು. ಮಳೆಗೆ ಎರೆಮಣ್ಣು ಗಾಲಿಗೆ ಮೆತ್ತಿ ಬಂಡಿ ಹೂತುಕೊಂಡಿತು, ಕೂಸು ದಾರಿಯಲ್ಲೇ ಹೋಯಿತು. ಗಾಲಿಗೆ ಹೆಗಲು ಕೊಟ್ಟು ನೂಕಿದವನು ಗೌಡನೇ. ಆಮೇಲೆ ಅವನು ಆ ಮಾತನ್ನೇ ಎತ್ತಲಿಲ್ಲ. ಈಗ ಶಂಕ್ರೆವ್ವ ಮತ್ತೆ ಬಸುರಿ, ಶ್ರಾವಣದಲ್ಲಿ ಹೆರಿಗೆ.

ಆ ಬೇಸಿಗೆಯಲ್ಲಿ ರಸ್ತೆ ಸಾಹೇಬರು ಬಂದರು. ಶ್ರಾವಣದ ಮಳೆ ಹಿಡಿಯುವುದರೊಳಗೆ ಕಲ್ಲುಖಡಿ ಹಾಕಿ ಮೋಟಾರು ಬಿಡುತ್ತೇವೆ, ಆದರೆ ಅಗಸಿ ಇಕ್ಕಟ್ಟು, ಅದನ್ನು ತೆಗೆಯಬೇಕು ಎಂದರು. ಹೊರಗೆ ಒಂದು ಮಗ್ಗುಲಿಗೆ ಕೆರೆ, ಇನ್ನೊಂದು ಮಗ್ಗುಲಿಗೆ ಕಂದಕ. ಮೋಟಾರು ತಿರುಗಬೇಕಾದರೆ ಊರೊಳಗೆ ಚಾವಡಿ ಮುಂದಿನ ಬಯಲಿಗೇ ಬರಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗೌಡ ಸಿಡುಕಿ ಎದ್ದುಹೋದ. ಸುಮಿತ್ರವ್ವ ಬೇಡಿಕೊಂಡಳು, ಅತ್ತಳು, ಒಂದು ಹೊತ್ತು ಉಣ್ಣದೆಯೂ ಕೂತಳು. ಹಿರಿಯರ ಹೆಸರು ಕೆಡವಲಾರೆ ಎಂದ ಗೌಡ.

ಊರೇ ಎರಡು ಹೋಳಾದಾಗ ಹಿರಿಯ ಸಂಗಪ್ಪ ಒಂದು ದಾರಿ ತೆಗೆದ. ಕಾರಹುಣ್ಣಿಮೆಯ ಸಂಜೆ ಅಗಸಿಗೆ ಅಡ್ಡಲಾಗಿ ಬೇವಿನ ತೋರಣ ಕಟ್ಟಿ ಎತ್ತು ಓಡಿಸುತ್ತಾರಲ್ಲ, ಅದೇ ಕರಿ. ಬಿಳಿ ಎತ್ತು ಮೊದಲು ತೋರಣ ಹರಿದರೆ ಹಿಂಗಾರಿ ಬೆಳೆ ಹುಲುಸು, ಕೆಂದ ಎತ್ತು ಹರಿದರೆ ಮುಂಗಾರಿ. ಬೆಳೆಯ ಭವಿಷ್ಯ ಹೇಳುವ ಎತ್ತು ಅಗಸಿಯದನ್ನು ಹೇಳಲಾರದೇ? ಬಿಳಿಯದು ಗೆದ್ದರೆ ಅಗಸಿ ಉಳಿಯಲಿ, ಕೆಂದದು ಗೆದ್ದರೆ ಬೀಳಲಿ ಎಂದ. ಗೌಡ ಮೀಸೆ ತಿರುವಿ ಒಪ್ಪಿಕೊಂಡ. ವರ್ಷವರ್ಷವೂ ಕರಿ ಹರಿಯುತ್ತಿದ್ದುದು ಅವನ ಬಿಳಿ ಎತ್ತೇ.

ಆದರೆ ಆ ಎತ್ತನ್ನು ಸಾಕಿದವಳು ಸುಮಿತ್ರವ್ವ. ತಾಯಿ ಸತ್ತ ಕರುವಿಗೆ ಬಟ್ಟೆ ಅದ್ದಿ ಹಾಲು ಕುಡಿಸಿ ಬದುಕಿಸಿದ್ದಳು. ಈಗಲೂ ಅವಳ ದನಿ ಕೇಳಿದರೆ ಅದು ಹುಲ್ಲು ಬಿಟ್ಟು ಬರುತ್ತಿತ್ತು.

ಕಾರಹುಣ್ಣಿಮೆ ಬಂತು. ಹೆಂಗಸರೆಲ್ಲ ಕೆರೆ ಏರಿಯ ಮೇಲೆ ನಿಂತರು. ಹಲಗೆ ಬಾರಿಸಿದ್ದೇ ತಡ, ಎತ್ತುಗಳು ಓಟ ಕಿತ್ತವು. ಎಲ್ಲಕ್ಕೂ ಮುಂದೆ ಬಿಳಿಯದು, ಅದರ ಹಿಂದೆ ಫಕ್ರುಸಾಬನ ಕೆಂದ ಎತ್ತು. ಸುಮಿತ್ರವ್ವ ಏರಿಯ ಅಂಚಿಗೆ ಬಂದಳು. ಇಷ್ಟು ವರ್ಷ ಗೆಲ್ಲಲಿ ಎಂದು ಯಾವ ಎತ್ತಿಗೆ ಆರತಿ ಬೆಳಗಿದ್ದಳೋ ಅದನ್ನೇ ಗಂಟಲು ಹರಿಯುವಂತೆ ಕರೆದಳು. ಎತ್ತು ಕಿವಿ ನಿಗುರಿಸಿ ನಿಂತಿತು, ಏರಿಯ ಕಡೆ ಹೊರಳಿ ಅವಳ ಕೈ ಮೂಸಿತು. ಅಷ್ಟರಲ್ಲಿ ಕೆಂದ ಎತ್ತು ಕರಿ ಹರಿದು ಊರೊಳಗೆ ನುಗ್ಗಿತ್ತು.

ಗದ್ದಲವೋ ಗದ್ದಲ. ಸಂಗಪ್ಪ ಗೌಡನ ಎದುರಿಗೆ ಬಂದ.

"ಗೌಡ್ರ, ನಿಮ್ಮ ಗೌಡಶ್ಯಾನೇರು ಎತ್ತನ್ನ ಕರದ್ರು. ಇದು ನಡಿಯಂಗಿಲ್ಲ. ಮತ್ತೊಮ್ಮೆ ಓಡಸೂಣು."

ಗೌಡ ಏರಿ ಹತ್ತಿದ. ಹೆಂಡತಿಯ ಎದುರಿಗೆ ನಿಂತ.

"ಕರದದ್ದು ಖರೆ ಏನು?"

"ಖರೇನ ರೀ," ಎಂದಳು ಸುಮಿತ್ರವ್ವ. "ಪೆಂಢಾರಿಗಳು ಹೆಣ್ಣುಮಕ್ಕಳನ್ನ ಮುಟ್ಟಬಾರದಂತ ನಿಮ್ಮ ಹಿರ್ಯಾರು ಇದನ್ನ ಕಟ್ಟಿಸ್ಯಾರ. ಈಗ ನಮ್ಮ ಹೆಣ್ಣುಮಗಳ ದಾರಿಗೆ ಇದ ಅಡ್ಡ ನಿಂತೈತಿ. ಮತ್ತೊಮ್ಮೆ ಓಡಿಸಿದ್ರ ಮತ್ತೊಮ್ಮೆ ಕರೀತೀನಿ."

ಗೌಡ ಮಗಳ ಕಡೆ ನೋಡಿದ. ಶಂಕ್ರೆವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಆಮೇಲೆ ಅವನು ಸಂಗಪ್ಪನ ಕಡೆ ತಿರುಗಿದ.

"ಎತ್ತು ತಾಯಿ ಮಾತು ಕೇಳಿತು. ಅದಕ್ಕಿದ್ದಷ್ಟು ಬುದ್ಧಿ ನನಗ ಇಲ್ಲದಾತು. ಕಲ್ಲು ಮೀಟಾಕ ಹಾರಿ ತರ್ರಿ."

ಫಕ್ರುಸಾಬ ಹಾರಿ ತಂದುಕೊಟ್ಟ. ಗೌಡ ತಲೆಯ ರುಮಾಲು ತೆಗೆದು ಅಗಸಿಯ ಹೊಸ್ತಿಲಿಗೆ ಹಣೆ ಮುಟ್ಟಿಸಿದ. ಮೊದಲ ಕಲ್ಲನ್ನು ತಾನೇ ಮೀಟಿದ. ಮೀಟುವಾಗ ಎಲ್ಲರ ಎದುರೇ ಅಳುತ್ತಿದ್ದ. ಸುಮಿತ್ರವ್ವ ಕಣ್ಣೊರೆಸಿಕೊಂಡು, ಬಿದ್ದ ಮಣ್ಣನ್ನು ಬುಟ್ಟಿಗೆ ತುಂಬತೊಡಗಿದಳು.